ನಾಗಮಂಗಲಕ್ಕೆ ಹೋಗಿರದ ಅವ್ವನಿಗೆ

ನವೆಂಬರ್ 18, ಮಂಗಳವಾರ. ಶ್ರೀರಂಗಪಟ್ಟಣ. ಮಧ್ಯಾಹ್ನ ಎರಡೂವರೆ. ನಿನ್ನೆಯಿಂದ ರಜೆಯಲ್ಲಿದ್ದೇನೆ. ಶುಕ್ರವಾರ ಬೆಳಗ್ಗೆ ಮೈಸೂರಿನ ಆಸ್ಪತ್ರೆಯೊಂದರಲ್ಲಿ ನನ್ನ ಗರ್ಭಕೋಶ ತೆಗೆಯುತ್ತಾರೆ.

ಅವ್ವಾ,

ನೀನು ಬಸ್ಸಿನ ಬೋರ್ಡನ್ನೂ ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದವಳು. ‘ಪಾಂ, ಡ, ವ’ ಎನ್ನುವಷ್ಟರಲ್ಲಿ ಬಸ್ಸು ಹೊರಟುಬಿಡುತ್ತಿತ್ತು. ಅದಕ್ಕೇ ಚಿಕ್ಕ ಚಿಕ್ಕ ವಾಕ್ಯ ಬರೆಯುತ್ತಿದ್ದೇನೆ. ನಿಧಾನವಾಗಿ ಓದು. ನೀನು ಹೋಗಿ ನಾಲ್ಕು ವರ್ಷವಾಯಿತು. ಇಷ್ಟು ದಿನ ನಿನಗೆ ಕಾಗದ ಬರೆಯಬೇಕೆಂದು ಒಮ್ಮೆಯೂ ಅನ್ನಿಸಿರಲಿಲ್ಲ. ಇವತ್ತು ಅನ್ನಿಸಿದೆ, ಅದೂ ಸಿಟ್ಟಿನಿಂದ. ಯಾರ ಮೇಲೆ ಎಂದು ಒಬ್ಬೊಬ್ಬರನ್ನೇ ಹೇಳುತ್ತೇನೆ. ಆ ಸಾಲಿನಲ್ಲಿ ನೀನೂ ಇದ್ದೀಯ.

ಪಾಂಡವಪುರದಲ್ಲಿ ಸ್ಕ್ಯಾನ್ ಮಾಡಿಸಿಕೊಂಡು ಮೈಸೂರಿನ ಡಾಕ್ಟರ ಮುಂದೆ ಕೂತ ದಿನ ಅವರು ಕೇಳಿದ ಮೊದಲ ಪ್ರಶ್ನೆಗಳಲ್ಲಿ ಒಂದು ನಿನ್ನ ಬಗ್ಗೆ. “ನಿಮ್ಮ ತಾಯಿಗೆ ಗರ್ಭಕೋಶದ ತೊಂದರೆ ಏನಾದರೂ ಇತ್ತಾ?” ನಾನು ಒಂದು ಕ್ಷಣವೂ ಯೋಚಿಸದೆ “ಇಲ್ಲ” ಎಂದೆ. ಅವರು ಹಾಗೆಯೇ ಬರೆದುಕೊಂಡರು. ನನ್ನ ಕೆಲಸ ನಿನಗೆ ಗೊತ್ತು. ಕಚೇರಿಯ ದಾಖಲೆ ಕೋಣೆಯಲ್ಲಿ ಕೂತು ನಕಲನ್ನು ಮೂಲದೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡುವುದು. ಇಪ್ಪತ್ತು ವರ್ಷದಿಂದ ಬೇರೆಯವರ ತಪ್ಪು ಹಿಡಿಯುತ್ತಾ ಬಂದವಳು ನನ್ನ ತಾಯಿಯ ವಿಷಯದಲ್ಲಿ ಒಂದು ಸುಳ್ಳನ್ನು ಡಾಕ್ಟರ ಕೈಯಿಂದ ಬರೆಸಿ ಬಂದೆ. ಅದು ಸುಳ್ಳೆಂದು ನನಗೆ ತಿಳಿಯಲು ನಲವತ್ತಾರು ವರ್ಷ ಬೇಕಾಯಿತು.

ನನ್ನದು ಇಷ್ಟು. ಮೂರು ಗೆಡ್ಡೆ, ದೊಡ್ಡದು ಮೂಸಂಬಿಯಷ್ಟು. ಎರಡು ವರ್ಷದಿಂದ ತಿಂಗಳಿಗೆ ಹನ್ನೆರಡು ಹದಿಮೂರು ದಿನ ಸುರಿಯುತ್ತದೆ. ಕಚೇರಿಯ ಕುರ್ಚಿಯ ಮೇಲೆ ದಪ್ಪ ಟವೆಲ್ಲು ಹಾಸಿಕೊಂಡು ಕೂರುತ್ತೇನೆ. ರಕ್ತದ ಅಂಶ ಏಳಕ್ಕೆ ಇಳಿದು ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲೆ ಬರುತ್ತಿತ್ತು. ಮಾತ್ರೆ ನುಂಗಿ ನೋಡಿದ್ದಾಯಿತು, ಇಂಜೆಕ್ಷನ್ ಆಯಿತು. ಡಾಕ್ಟರು ಎಲ್ಲವನ್ನೂ ಬಿಡಿಸಿ ಹೇಳಿದರು. ತೆಗೆಸುವುದು ಎಂದು ನಿರ್ಧರಿಸಿದ್ದು ನಾನೇ. ಅವರ ಮೇಲೆ ನನಗೆ ಸಿಟ್ಟಿಲ್ಲ. ಭಯ ಇದೆ. ಆದರೆ ಆ ಭಯವನ್ನು ಇಟ್ಟುಕೊಳ್ಳಲು ಈ ಮನೆಯಲ್ಲಿ ನನಗೆ ಒಂದು ಗೂಡೂ ಸಿಗಲಿಲ್ಲ.

ಹೋದ ಭಾನುವಾರ ನಾಗಮಂಗಲದಿಂದ ದೊಡ್ಡವ್ವ ಬಂದಳು. ನಿನ್ನ ಅಕ್ಕನಿಗೆ ಈಗ ಎಂಬತ್ತರ ಹತ್ತಿರ, ಕಿವಿ ಮಂದ, ಬಾಯಿ ಮಾತ್ರ ಹಾಗೆಯೇ ಇದೆ. ಕಾಲು ಚಾಚಿ ಕೂತು, ಎಲೆಗೆ ಸುಣ್ಣ ಹಚ್ಚುತ್ತಾ, “ಎದ್ರುಕೋಬೇಡ ಕಣವ್ವ. ನಿಮ್ಮವ್ವುನ್ಗೂ ತೆಗ್ದಿರ್ನಿಲ್ವಾ? ಆಮೇಲೆ ಇಪ್ಪತ್ತೈದು ವರ್ಸದ ಮೇಲೆ ಬದ್ಕುನಿಲ್ವಾ?” ಎಂದಳು.

ನಾನು ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟೆ. “ಯಾವಾಗ ದೊಡ್ಡವ್ವ?”

“ಅಯ್ಯೋ, ನಿಂಗೊತ್ತಿರ್ನಿಲ್ವಾ? ನೀನು ಎಸ್ಸೆಲ್ಸಿ ಓದ್ತಿದ್ದಲ್ಲ, ಆವಾಗ. ಕೇಆರ್‌ಪೇಟೇಲೇ ಮಾಡಿದ್ರು.”

“ಆವಾಗ ಅವ್ವ ನಿಮ್ಮನೇಲಿದ್ಲು. ನಿಮ್ಮ ಮಗಳ ಬಾಣಂತನಕ್ಕೆ ನಾಗಮಂಗಲಕ್ಕೆ ಬಂದಿದ್ಲು.”

ದೊಡ್ಡವ್ವ ನಕ್ಕಳು. “ಯಾವ ಬಾಣಂತನ! ಆ ಕೂಸಿಗೆ ಆಗ್ಲೇ ಮೂರು ತಿಂಗ್ಳು ತುಂಬಿತ್ತು. ನಿಮ್ಮಪ್ಪ ಅಂಗೆ ಏಳಿ ಅಂತ ಏಳ್ಕೊಟ್ಟಿದ್ದ, ಏಳುದ್ವಿ. ಬೆಳ್ಯೋ ಎಣ್ಣುಡ್ಗಿಗೆ ಇದೆಲ್ಲ ಯಾಕೆ ಅಂತ.”

ಮೂರು ತಿಂಗಳು! ಆ ಮಗುವಿನ ಹೆಸರಿಡುವ ಶಾಸ್ತ್ರಕ್ಕೆ ನಾನೇ ಹೋಗಿ ಹೋಳಿಗೆ ತಿಂದು ಬಂದಿದ್ದೆನಲ್ಲ? ದಿನ ಲೆಕ್ಕ ಹಾಕಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಹಾಕಲಿಲ್ಲ. ಅಪ್ಪ ಹೇಳಿದ, ನಂಬಿದೆ.

ಅವ್ವ, ನೀನು ವಾಪಸ್ಸು ಬಂದ ಮೂರನೆಯ ಬೆಳಗ್ಗೆ ನಿನಗೆ ನೆನಪಿದೆಯಲ್ಲ? ನನಗೆ ನೆನಪಿದೆ. ಪರೀಕ್ಷೆ ಹತ್ತಿರ ಬಂದಿತ್ತು, ಬೆಳಗ್ಗೆ ವಿಶೇಷ ತರಗತಿ, ಬಸ್ಸು ತಪ್ಪಿದರೆ ಮೇಷ್ಟ್ರು ಹೊರಗೆ ನಿಲ್ಲಿಸುತ್ತಿದ್ದರು. ನೀನಿಲ್ಲದ ಹನ್ನೆರಡು ದಿನವೂ ನಾನೇ ಹಾಲು ಕರೆದು, ಕ್ಯಾನು ಹೊತ್ತು ಡೈರಿಗೆ ಹಾಕಿ, ಓಡಿ ಬಸ್ಸು ಹಿಡಿದಿದ್ದೆ. ನೀನು ಬಾಗಿಲ ಚೌಕಟ್ಟು ಹಿಡಿದು ನಿಂತು, “ಇವತ್ತೊಂದಿನ ಕ್ಯಾನು ನೀನೇ ಎತ್ಕಂಡೋಗವ್ವ” ಎಂದೆ. ನಾನು ಜಡೆ ಹಾಕಿಕೊಳ್ಳುತ್ತಾ, ತಿರುಗಿಯೂ ನೋಡದೆ ಹೇಳಿದೆ: “ಅನ್ನೆಲ್ಡು ದಿನ ನಾಗಮಂಗ್ಲದಲ್ಲಿ ಕೂತ್ಕಂಡು ಉಂಡು ಬಂದಿದ್ದೀಯಲ್ಲ, ಒಂದು ಕ್ಯಾನು ಎತ್ತಕ್ಕಾಗಲ್ವಾ ನಿಂಗೆ?”

ನೀನು ಏನೂ ಹೇಳಲಿಲ್ಲ. ಸೆರಗು ಸಿಕ್ಕಿಸಿಕೊಂಡೆ. ಸಿಂಬೆ ಸುತ್ತಿ ತಲೆಯ ಮೇಲಿಟ್ಟುಕೊಂಡೆ. ಹತ್ತು ಲೀಟರಿನ ಆ ಕ್ಯಾನನ್ನು ಒಂದೇ ಸಲಕ್ಕೆ ಎತ್ತಿ ತಲೆಯ ಮೇಲಿಟ್ಟುಕೊಂಡು ಹೊರಟೆ. ನಾನು ಕನ್ನಡಿಯಲ್ಲಿ ನೋಡಿದೆ. ಅಷ್ಟು ಸುಲಭವಾಗಿ ಎತ್ತಿದಳಲ್ಲ, ಸುಮ್ಮನೆ ನಾಟಕ ಎಂದುಕೊಂಡೆ. ಸಂಜೆ ಬಂದಾಗ ನೀನು ಮಲಗಿದ್ದೆ. ಕೊಟ್ಟಿಗೆಯಲ್ಲಿ ಕಾಲು ಜಾರಿತು ಎಂದಳು ಅಜ್ಜಿ. ಮಾರನೆಯ ದಿನ ಅಪ್ಪ ನಿನ್ನನ್ನು ಮತ್ತೆ ಕೇಆರ್‌ಪೇಟೆಗೆ ಕರೆದುಕೊಂಡು ಹೋದ, ಸೊಂಟ ತೋರಿಸಲು ಎಂದು.

ಭಾನುವಾರ ದೊಡ್ಡವ್ವ ಅದನ್ನೂ ಹೇಳಿದಳು. “ಒಟ್ಟೆ ಒಲ್ಗೆ ಬುಟ್ಕಂಡು ಸ್ಯಾನೆ ಒದ್ದಾಡ್ಬುಟ್ಲು ಕಣವ್ವ. ಮತ್ತೆ ಆಕಿಸ್ಬೇಕಾಯ್ತು. ಆಲಿನ ಕ್ಯಾನು ಎತ್ಬುಟ್ಟಿದ್ಲಂತೆ. ಅಸಿ ಮೈಲಿ ಕ್ಯಾನು ಎತ್ಸಿದ ಪಾಪಿ ಯಾರೇ ಅಂತ ಕೇಳ್ದೆ. ಸಾಯಗಂಟ ಏಳ್ನಿಲ್ಲ.”

ಎದುರಿಗೇ ಕೂತಿದ್ದೆನಲ್ಲ ಅವ್ವ, ಆ ಪಾಪಿ. ಹೆಸರು ಹೇಳದೆ ನನ್ನನ್ನು ಕಾಪಾಡಿದೆ ಎಂದುಕೊಂಡೆಯಾ? ಯಾರಿಂದ ಕಾಪಾಡಿದೆ? ದೊಡ್ಡವ್ವ ಬೈದಿದ್ದರೆ ಒಂದು ದಿನ ಅಳುತ್ತಿದ್ದೆ. ಆಮೇಲೆ ತಿಂಗಳುಗಟ್ಟಲೆ ಕ್ಯಾನು ಹೊರುತ್ತಿದ್ದೆ. ಸಂತೋಷವಾಗಿ ಹೊರುತ್ತಿದ್ದೆ. ನನ್ನಿಂದ ಅದನ್ನು ಕಿತ್ತುಕೊಂಡಿರಿ, ನೀವೆಲ್ಲರೂ ಸೇರಿ. ಹದಿನೈದು ವರ್ಷದ ಹುಡುಗಿಗೆ ಪ್ರತಿ ತಿಂಗಳೂ ಹಿತ್ತಲಲ್ಲಿ ಕೂರು ಎನ್ನಲು ನಾಚಿಕೆಯಿಲ್ಲ, ನಿನ್ನ ತಾಯಿಯ ಹೊಟ್ಟೆ ಕೊಯ್ದಿದ್ದಾರೆ ಎನ್ನಲು ನಾಚಿಕೆ! ಯಾವ ಸೀಮೆಯ ಮರ್ಯಾದೆ ಇದು? ಮತ್ತು ನೀನು, ಒಂದು ಮಾತು, ಆ ಚೌಕಟ್ಟು ಹಿಡಿದು ನಿಂತಾಗ ಒಂದೇ ಮಾತು…

ಈಗ ಒಂದೊಂದಾಗಿ ಅರ್ಥವಾಗುತ್ತಿದೆ. ಆ ವರ್ಷದಿಂದ ಊರಹಬ್ಬಕ್ಕೆ ನಮ್ಮ ಬೀದಿಯ ತಂಬಿಟ್ಟೆಲ್ಲ ನಿನ್ನ ಕೈಯಲ್ಲೇ ಆಗುತ್ತಿತ್ತು. ಬೇರೆ ಹೆಂಗಸರು ಯಾವಾಗ ‘ಹೊರಗೆ’ ಆಗುತ್ತಾರೋ ಹೇಳಲಾಗದು, ನಿನಗೆ ಆ ಭಯವಿಲ್ಲ ಎಂದು ನಾಲ್ಕು ಮನೆಯ ಅಕ್ಕಿ ತಂದು ನಮ್ಮ ಜಗಲಿಯ ಮೇಲೆ ಸುರಿಯುತ್ತಿದ್ದರು. ಹುರಿ, ಕುಟ್ಟು, ಬೆಲ್ಲದ ಪಾಕ ಹಾಕಿ ಉಂಡೆ ಕಟ್ಟು. ನೀನು ಒನಕೆ ಹಿಡಿದರೆ ಸಂಜೆಯವರೆಗೆ ಇಳಿಸುತ್ತಿರಲಿಲ್ಲ. “ನಮ್ಮವ್ವ ಅಂದ್ರೆ ಊರಿಗೆಲ್ಲ ಎಷ್ಟು ಗೌರವ” ಎಂದು ನಾನು ಸ್ಕೂಲಿನಲ್ಲಿ ಹೇಳಿಕೊಂಡು ತಿರುಗಿದ್ದೆ. ಗೌರವ! ನಿನ್ನ ಹೊಟ್ಟೆಯಿಂದ ಒಂದು ಅಂಗ ಹೋದದ್ದು ಇಡೀ ಊರಿಗೆ ಗೊತ್ತಿತ್ತು. ನಾಲ್ಕು ಮನೆಯವರಿಗೆ ಅದರಿಂದ ಅನುಕೂಲವಾಗಿತ್ತು. ಗೊತ್ತಿಲ್ಲದವಳು ಮನೆಯೊಳಗಿದ್ದ ನಿನ್ನ ಮಗಳೊಬ್ಬಳೇ.

ಈಗ ನನ್ನ ಮನೆಯ ಕಥೆ ಕೇಳು. ಡಾಕ್ಟರು ದಿನ ಗೊತ್ತು ಮಾಡಿದ ಸಂಜೆ ನನ್ನ ಅತ್ತೆ ಅವರೆಕಾಯಿ ಬಿಡಿಸುತ್ತಾ ತೀರ್ಪು ಕೊಟ್ಟರು. “ಎರಿಗೆಗೆ ತೌರಿಗೋಗಿದ್ದಲ್ಲ, ಇದೂ ಅದೇ ಬಾಬ್ತು. ಎಂಗಸ್ರ ಆಪ್ರೇಸನ್ನು ತೌರೋರು ಮಾಡುಸ್ಬೇಕು. ನಿಮ್ಮಣ್ಣ ಬಂದು ಕರ್ಕಂಡೋಗ್ಲಿ.” ನಾನು ಅಣ್ಣನಿಗೆ ಫೋನು ಮಾಡಿದೆ. ಹೇಮಗಿರಿ ಕಡೆ ಗದ್ದೆಯಲ್ಲಿದ್ದ, ಹಿಂದೆ ಟ್ರಾಕ್ಟರಿನ ಸದ್ದು. “ಬಾಣಂತನ ಆದ್ರೆ ನಾವು ಮಾಡ್ತೀವಿ ಕಣವ್ವ, ಅದು ತೌರಿನ ಧರ್ಮ. ಇದ್ರಲ್ಲಿ ಕೂಸು ಎಲ್ಲದೆ? ಇದು ಗಂಡನ ಮನೇದು. ನಿಮ್ಮತ್ತಿಗೇನ ಕಳ್ಸುದ್ರೆ ನಾಳೆ ಜನ ನಿಮ್ಮತ್ತೇನೇ ಆಡ್ಕೋತಾರೆ, ಸೊಸೇನ ತೌರಿಗೆ ತಳ್ಳುಬುಟ್ಲು ಅಂತ” ಎಂದ. ಅವನು ಕೆಟ್ಟವನಲ್ಲ, ನಿನಗೂ ಗೊತ್ತು. ಸಂಕ್ರಾಂತಿಗೆ ತಪ್ಪದೆ ಎಳ್ಳು ಕಬ್ಬು ಕಳಿಸುತ್ತಾನೆ. ಆದರೆ ನೋಡು, ಗರ್ಭಕೋಶ ತುಂಬಿದಾಗ ಅದು ತವರಿನದು. ಅದನ್ನು ತೆಗೆಸುವಾಗ ತವರಿನದೂ ಅಲ್ಲ, ಗಂಡನ ಮನೆಯದೂ ಅಲ್ಲ. ಎರಡು ಊರಿನ ಗಡಿಕಲ್ಲಿನ ಮೇಲೆ ಸತ್ತ ಹಸುವಿನ ಹಾಗೆ, ಎಳೆಯುವವರು ಯಾರು ಎಂದು ಎರಡೂ ಕಡೆ ಪಂಚಾಯಿತಿ.

ಆಸ್ಪತ್ರೆಯವರು ಕೊಟ್ಟ ಕಾಗದದಲ್ಲಿ ಎರಡು ಗೆರೆ ಖಾಲಿ ಇವೆ. ‘ಜೊತೆಗಿರುವವರ ಹೆಸರು’, ‘ರೋಗಿಗೆ ಏನಾಗಬೇಕು’. ಹೆಂಗಸರ ವಾರ್ಡಾದ್ದರಿಂದ ಹೆಂಗಸೇ ಇರಬೇಕು. ಒಂದು ವಾರ ಆ ಎರಡು ಗೆರೆಗಳನ್ನು ನೋಡುತ್ತಾ ಕೂತಿದ್ದೆ.

ಭಯದ ಬಗ್ಗೆ ಬರೆಯಬೇಕು, ಅದಕ್ಕೆ ಬೇರೆ ಕಡೆ ಜಾಗವಿಲ್ಲ. ಸಾಯುತ್ತೇನೆ ಎಂದು ಭಯವಲ್ಲ. ಮೂಗಿನ ಮೇಲೆ ಮಾಸ್ಕು ಇಟ್ಟು ಎಣಿಸಿ ಎನ್ನುತ್ತಾರಂತೆ. ಏಳೋ ಎಂಟೋ ಎನ್ನುವಾಗ ನಾನು ಇರುವುದಿಲ್ಲ. ಆ ನಡುವಿನ ಎರಡು ಗಂಟೆ ನನ್ನ ಮೈ ನನ್ನ ಕಾವಲಿಲ್ಲದೆ ಬಿದ್ದಿರುತ್ತದೆ, ಅದು ಭಯ. ಎದ್ದ ಮೇಲೆ ಏನೋ ಕಡಿಮೆಯಾದ ಹಾಗೆ ಅನ್ನಿಸುತ್ತದೋ, ಏನೂ ಅನ್ನಿಸುವುದಿಲ್ಲವೋ, ಯಾವುದು ಹೆಚ್ಚು ಕೆಟ್ಟದ್ದು? ನಿನ್ನ ಅಳಿಯನಿಗೆ ಹೇಳಿದರೆ “ಈಗಿನ ಕಾಲದಲ್ಲಿ ಇದೆಲ್ಲ ಒಂದು ಆಪರೇಷನ್ನಾ?” ಎಂದು ಟಿವಿಯ ಕಡೆ ತಿರುಗಿದರು. ಅತ್ತೆಯಂತೂ, “ಇಬ್ರು ಮಕ್ಳಾದ್ವು. ಇನ್ನೇನು ಕೆಲ್ಸ ಅದ್ರಿಂದ?” ಎಂದರು, ಹಳೆಯ ರುಬ್ಬುಗುಂಡಿನ ಬಗ್ಗೆ ಹೇಳಿದ ಹಾಗೆ.

ನನಗೆ ದಾರಿ ತಿಳಿಯದಾಗ ಪುಸ್ತಕದಲ್ಲಿ ಹುಡುಕುವ ಚಾಳಿ. ರಷ್ಯಾದಿಂದ, ಬಂಗಾಳದಿಂದ, ಜಪಾನಿನಿಂದ ಕನ್ನಡಕ್ಕೆ ಬಂದ ಕಾದಂಬರಿಗಳು ಎರಡು ಬೀರು ತುಂಬಾ ಇವೆ. “ನಮ್ಮೂರ ಕತೆ ಸಾಲ್ದು ಅಂತ ಯಾರ್ದೋ ಊರಿಂದು ಓದ್ತೀಯಲ್ಲೇ” ಎನ್ನುತ್ತಿದ್ದೆ ನೀನು. ಹದಿನೈದು ದಿನ ತಿರುವಿ ಹಾಕಿದೆ. ಹೆರಿಗೆಯಲ್ಲಿ ಸತ್ತ ಹೆಂಗಸರು ಸಿಕ್ಕರು. ಕ್ಷಯದಲ್ಲಿ, ಯುದ್ಧದಲ್ಲಿ, ಪ್ರೇಮದಲ್ಲಿ ಸತ್ತವರು ಬೇಕಾದಷ್ಟು. ಗರ್ಭಕೋಶ ತೆಗೆಸಿಕೊಂಡು, ಮನೆಗೆ ಬಂದು, ಮತ್ತೆ ಅನ್ನಕ್ಕೆ ನೀರಿಟ್ಟವಳು ಒಬ್ಬಳೂ ಸಿಗಲಿಲ್ಲ. ನಾನು ಓದಿದ್ದು ಕಡಿಮೆಯಿರಬಹುದು. ಆದರೆ ಅಂಥವಳೊಬ್ಬಳ ಜೊತೆ ನಾನು ಇಷ್ಟು ವರ್ಷ ಒಂದೇ ಮನೆಯಲ್ಲಿ ಉಂಡು ಬೆಳೆದಿದ್ದೆ, ಅದು ನನಗೆ ಗೊತ್ತೇ ಇರಲಿಲ್ಲ.

ಹೋದ ಬುಧವಾರ ಶಮೀಮಕ್ಕನ ಅಂಗಡಿಗೆ ಹೋದೆ. ಗಂಜಾಮಿನ ರಸ್ತೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾರಲ್ಲ, ನಿನ್ನ ಕೊನೆಯ ರವಿಕೆ ಹೊಲಿದವರು. ಮುಂದೆ ಗುಂಡಿಯಿರುವ ಎರಡು ಸಡಿಲ ನೈಟಿ ಬೇಕು ಎಂದೆ, ಅಷ್ಟೇ. ಅವರು ಮೆಷಿನ್ನು ನಿಲ್ಲಿಸಿ ಕನ್ನಡಕದ ಮೇಲಿಂದ ನೋಡಿದರು. “ಆಪರೇಷನ್ ಯಾವತ್ತು ಮೇಡಂ?”

“ಬರೋ ವಾರ, ಶುಕ್ರವಾರ. ಯಾರು ಹೇಳಿದ್ರು ನಿಮ್ಗೆ?” ಎಂದೆ.

“ನಂಗೆ ಯಾರೂ ಹೇಳೋದು ಬೇಡ. ಮುಂದೆ ಗುಂಡಿ ನೈಟಿ ಕೇಳ್ತಾರೆ, ಆಮೇಲೆ ಲಂಗದ ಲಾಡಿ ತೆಗೆದು ಎಲಾಸ್ಟಿಕ್ ಹಾಕಿ ಅಂತಾರೆ, ಲಾಡಿ ಹೊಲಿಗೆ ಮೇಲೆ ಒತ್ತತ್ತೆ ಅಲ್ವಾ? ಈ ಪೇಟೇಲಿ ಅರ್ಧ ಜನದ ಲಂಗಕ್ಕೆ ಎಲಾಸ್ಟಿಕ್ ಹಾಕಿದೀನಿ. ಎಲ್ರೂ ಅಪೆಂಡಿಕ್ಸ್ ಅಂತಾರೆ. ಅಲ್ಲಾ, ಒಂದು ಊರಲ್ಲಿ ಎಷ್ಟು ಅಪೆಂಡಿಕ್ಸ್ ಇರತ್ತೆ ಮೇಡಂ?”

ನಾನು ನಕ್ಕೆ. ನಗುತ್ತಾ ನಗುತ್ತಾ ಅಳು ಬಂತು. ಅಂಗಡಿಯಲ್ಲಿ, ಬೇರೆಯವರ ಬಟ್ಟೆಯ ಗಂಟುಗಳ ನಡುವೆ, ನಾನು ಅತ್ತುಬಿಟ್ಟೆ ಅವ್ವ. ಅವರು ಸಮಾಧಾನ ಹೇಳಲಿಲ್ಲ. “ಭಯ ಆಗತ್ತೆ. ನಂಗೂ ಜೀವಾನೇ ಹೋದಂಗಾಗಿತ್ತು, ಏಳು ವರ್ಷ ಆಯ್ತು” ಎಂದರು. ಆಮೇಲೆ ಅಳತೆ ತೆಗೆದುಕೊಳ್ಳುವಷ್ಟೇ ನಿಖರವಾಗಿ ಹೇಳುತ್ತಾ ಹೋದರು. ಕೆಮ್ಮು ಬಂದರೆ ಹೊಟ್ಟೆಗೆ ದಿಂಬು ಒತ್ತಿಕೊಳ್ಳಬೇಕು. ಎರಡನೆಯ ದಿನ ಎಬ್ಬಿಸಿ ನಡೆಸುತ್ತಾರೆ, ಬೈದುಕೊಳ್ಳಬಾರದು. ಮೂರನೆಯ ದಿನ ಕಾರಣವಿಲ್ಲದೆ ಅಳು ಬರುತ್ತದೆ, ಬಂದರೆ ಬರಲಿ. “ಮತ್ತೆ ನಗಿಸೋರನ್ನ ಒಳಗೆ ಬಿಡ್ಬೇಡಿ. ನಕ್ಕರೆ ಹೊಲಿಗೆ ಎಳೀತದೆ. ನಮ್ಮನೆಯವ್ರು ಬಂದು ಕೂತ್ರೆ ನಂಗೆ ನಗು, ಅವ್ರನ್ನ ಹೊರಗೆ ಕಳಿಸಿದ್ದೆ.” ಭಾರ ಎಷ್ಟು ದಿನ ಎತ್ತಬಾರದು ಎಂದು ಕೇಳಿದೆ. “ಒಂದೂವರೆ ತಿಂಗಳು. ನೀರಿನ ಕೊಡ ಕೂಡ ಮುಟ್ಬೇಡಿ.” ನೀನು ಹದಿನೈದನೆಯ ದಿನಕ್ಕೆ…

ಜೊತೆಗೆ ಯಾರು ಇರುತ್ತಾರೆ ಎಂದು ಕೇಳಿದರು. ಇನ್ನೂ ಗೊತ್ತಾಗಿಲ್ಲ ಎಂದೆ. ಅವರು ಗೋಡೆಯ ಕ್ಯಾಲೆಂಡರು ನೋಡಿದರು. “ಶುಕ್ರವಾರ ತಾನೆ? ಅಂಗಡಿ ಹೆಂಗೂ ರಜಾ. ಶನಿವಾರದಿಂದ ಸೊಸೆ ನೋಡ್ಕೋತಾಳೆ. ನಾನು ಬರ್ತೀನಿ.” ಏನಾಗಬೇಕು ಎಂದು ಬರೆಯಬೇಕಲ್ಲ ಎಂದೆ. “ಟೈಲರ್ ಅಂತ ಬರೀರಿ. ಹೊಟ್ಟೆ ಹೊಲಿಯೋಕೆ ಬಂದಿದಾಳೆ ಅಂದ್ಕೋತಾರೆ.”

ಮನೆಗೆ ಬಂದು ಹೇಳಿದೆ. ಅತ್ತೆಯ ಕೈಯ ಅವರೆಕಾಯಿ ನಿಂತಿತು. “ನಮ್ಮೋರು ಯಾರೂ ಇಲ್ವಾ? ಆ ಸಾಬ್ರಮ್ಮ ಮಂಚದ ಪಕ್ಕ ಕೂತಿದ್ರೆ ನೋಡೋಕ್ಬಂದ ಜನ ಏನಂದಾರು?”

“ಜನ ಬರೋದಾಗಿದ್ರೆ ಅವ್ರು ಯಾಕೆ ಬರ್ಬೇಕಿತ್ತು ಅತ್ತೆ?” ಎಂದೆ. ಹತ್ತೊಂಬತ್ತು ವರ್ಷದಲ್ಲಿ ನಾನು ಅವರಿಗೆ ಎದುರಾಡಿದ್ದು ಅದೊಂದೇ ವಾಕ್ಯ. ಆಮೇಲೆ ಅಣ್ಣನಿಗೂ ಫೋನು ಮಾಡಿ ತಿಳಿಸಿದೆ. ಅವನು, “ಅಂಗಾದ್ರೆ ನಿಮ್ಮತ್ತಿಗೇನೇ ಕಳಿಸ್ತೀನಿ ಬುಡು” ಎಂದ. ಬೇಡ ಎಂದೆ. ತಂಗಿಗಾಗಿ ಬಾರದವರು ಮಾನಕ್ಕಾಗಿ ಬರುವುದು ಬೇಡ.

ಇಲ್ಲಿಗೆ ಮುಗಿದಿದ್ದರೆ ನಿನಗೆ ಈ ಕಾಗದ ಬರೆಯುತ್ತಿರಲಿಲ್ಲ. ನಿನ್ನೆ ಸಂಜೆ ನಿನ್ನ ಮೊಮ್ಮಗಳು ಮೇಘನಾ ಸ್ಕೂಲಿನಿಂದ ಬಂದಳು. ಅವಳಿಗೂ ಈಗ ಹದಿನೈದು, ಹತ್ತನೆಯ ತರಗತಿ. ಅವಳ ಅಣ್ಣ ಹಾಸ್ಟೆಲ್ಲಿಗೆ ಹೋದ ಮೇಲೆ ಮನೆಯಲ್ಲಿ ಇವಳದೇ ರಾಜ್ಯ. ಬಾಗಿಲು ತೆಗೆದ ಕೂಡಲೇ ಪುಸ್ತಕದ ಬ್ಯಾಗನ್ನು ನನ್ನ ಕೈಗೆ ಹಾಕುವುದು ಅವಳ ಅಭ್ಯಾಸ, ಅದನ್ನು ಎತ್ತಿಕೊಂಡು ಹೋಗಿ ಮೇಜಿನ ಮೇಲಿಡುವುದು ನನ್ನ ಅಭ್ಯಾಸ. ಅಕ್ಕಿ ಮೂಟೆಯಂಥ ಬ್ಯಾಗು. ಶೂ ಬಿಚ್ಚುತ್ತಾ ಅವಳು ನಗುತ್ತಾ ಹೇಳಿದಳು: “ಅಪ್ಪ ಹೇಳಿದ್ರು, ನಿಂಗೆ ಮೈಸೂರಲ್ಲಿ ಎಂಟು ದಿನ ಆಫೀಸ್ ಟ್ರೈನಿಂಗಂತೆ? ಮಜಾ ಮಾಡಮ್ಮ! ಅಡುಗೆ ಇಲ್ಲ, ಅಜ್ಜಿ ಇಲ್ಲ, ಕೂತ್ಕೊಂಡು ತಿನ್ನೋದು, ಕಾದಂಬರಿ ಓದೋದು. ಬಂದ್ಮೇಲೆ ನಂಗೆ ಡಬಲ್ ಸೇವೆ ಮಾಡ್ಬೇಕು, ಗೊತ್ತಾಯ್ತಾ?”

ಬ್ಯಾಗು ನನ್ನ ಕೈಯಲ್ಲಿತ್ತು. ಅವಳ ತಲೆಯ ಮೇಲಿಂದ ನಾನು ಒಳಗೆ ನೋಡಿದೆ. ನಿನ್ನ ಅಳಿಯ ಪೇಪರಿನ ಹಿಂದೆ ಇದ್ದರು. ಅತ್ತೆ ಬತ್ತಿ ಹೊಸೆಯುತ್ತಿದ್ದರು, ಏನೂ ಕೇಳಿಸದವರ ಹಾಗೆ. ಆಮೇಲೆ ಅಡುಗೆಮನೆಯಲ್ಲಿ ಕೇಳಿದಾಗ ನಿನ್ನ ಅಳಿಯ ಮೆಲ್ಲಗೆ ಹೇಳಿದರು, “ಪರೀಕ್ಷೆ ವರ್ಷ. ಯಾಕೆ ಗಾಬರಿ ಮಾಡ್ಬೇಕು? ಬೆಳೆಯೋ ಹುಡುಗಿ.” ನನ್ನ ಅಪ್ಪ ಅವತ್ತು ಹೇಳಿದ ಮಾತು ಅವರ ಕಿವಿಗೆ ಎಂದೂ ಬಿದ್ದಿಲ್ಲ. ಆದರೂ ಒಂದು ಅಕ್ಷರ ಆಚೀಚೆಯಿಲ್ಲದ ನಕಲು. ಮೂಲ ಯಾವ ಊರಿನ ದಾಖಲೆ ಕೋಣೆಯಲ್ಲಿದೆಯೋ, ಎಷ್ಟು ಮನೆಗೆ ನಕಲು ಹೋಗಿದೆಯೋ.

ನಿನ್ನೆ ನಾನೂ ಏನೂ ಹೇಳಲಿಲ್ಲ, ಅವ್ವ. ಬ್ಯಾಗನ್ನು ತೆಗೆದುಕೊಂಡು ಹೋಗಿ ಮೇಜಿನ ಮೇಲಿಟ್ಟೆ. ನೀನು ಸಿಂಬೆ ಸುತ್ತಿಕೊಂಡ ಹಾಗೆ. ಆಗ ಗೊತ್ತಾಯಿತು, ಸುಮ್ಮನಿರುವುದು ಎಷ್ಟು ಸುಲಭವೆಂದು. ಪ್ರೀತಿಯ ಹಾಗೆಯೇ ಕಾಣುತ್ತದೆ ಅದು. ಅದಕ್ಕೇ ನಿನ್ನ ಮೇಲಿನ ಸಿಟ್ಟು ಇಳಿದಿದೆ ಎಂದುಕೊಳ್ಳಬೇಡ. ಇಳಿದಿಲ್ಲ. ಆ ಸಾಲಿಗೆ ನಾನೂ ಸೇರಿದ್ದೇನೆ, ಅಷ್ಟೇ.

ಈಗ ನಾಲ್ಕೂವರೆ. ಮೇಘನಾ ಐದೂವರೆಗೆ ಬರುತ್ತಾಳೆ. ಆಸ್ಪತ್ರೆಯ ಕಾಗದ ಇಲ್ಲೇ ಪಕ್ಕದಲ್ಲಿದೆ. ಮೊದಲ ಗೆರೆಯಲ್ಲಿ ಶಮೀಮಕ್ಕನ ಹೆಸರು ಬರೆದಾಗಿದೆ. ಎರಡನೆಯ ಗೆರೆಯನ್ನು ಮೇಘನಾಳ ಕೈಯಿಂದಲೇ ತುಂಬಿಸಬೇಕೆಂದಿದ್ದೇನೆ, ಕಾಗದವನ್ನು ಪೂರ್ತಿ ಓದಿದ ಮೇಲೆ. ‘ತಾಯಿಗೆ ಈ ತೊಂದರೆ ಇತ್ತೇ’ ಎಂಬಲ್ಲಿ ‘ಇಲ್ಲ’ ಎಂದಿರುವುದನ್ನು ಹೊಡೆದು ‘ಹೌದು’ ಎಂದು ಶುಕ್ರವಾರ ಡಾಕ್ಟರಿಂದ ತಿದ್ದಿಸುತ್ತೇನೆ. ಒಂದಲ್ಲ ಒಂದು ದಿನ ಯಾರೋ ಅವಳನ್ನೂ ಇದೇ ಪ್ರಶ್ನೆ ಕೇಳುತ್ತಾರೆ. ಅವಳಿಗೆ ಉತ್ತರ ಗೊತ್ತಿರಬೇಕು.

ಕಾಲಿಂಗ್ ಬೆಲ್ ಆದಾಗ ನಾನೇ ಹೋಗಿ ಬಾಗಿಲು ತೆಗೆಯುತ್ತೇನೆ. ಅವಳು ಬ್ಯಾಗು ಚಾಚುತ್ತಾಳೆ. ನಾನು ಕೈ ಚಾಚುವುದಿಲ್ಲ. ಯಾಕಮ್ಮ ಎಂದು ಕೇಳುತ್ತಾಳೆ. ಮೊದಲು ಆಪರೇಷನ್ನಿನ ವಿಷಯ ಹೇಳುತ್ತೇನೆ. ಆಮೇಲೆ ಕ್ಯಾನಿನ ವಿಷಯ, ಎತ್ತಿಸಿದ್ದು ಯಾರೆಂದು ಹೆಸರು ಸಮೇತ.

ನಿನ್ನ ಮಗಳು,
ಸುಜಾತ